ಮಗುವಿನ ತೀರ್ಮಾನ ಮತ್ತು ಹಾಡಿಯ ನೆಂಟರು

ಕೊಡಗಿನ ವಿರಾಜಪೇಟೆ ಕಡೆಯ ಲೈನ್‌ಮನೆಗಳ, ಅಂದರೆ ತೋಟದ ಕೂಲಿಗಳ ಸಾಲುಮನೆಗಳ, ಮಕ್ಕಳ ನಡುವೆ ಸಮಾಜಕಾರ್ಯಕರ್ತೆಯ ಕೆಲಸ ಕಲಿತು, ಈಗ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅದೇ ವೃತ್ತಿಯಲ್ಲಿರುವ ನಾನು ಎರಡೂ ಕಡೆ ಗಮನಿಸುತ್ತ ಬಂದಿರುವುದು ಒಂದೇ ವಿಷಯವನ್ನು: ಸಂಕಷ್ಟದಲ್ಲಿರುವ ಮಗು ಎಲ್ಲಿ ಬೆಳೆಯಬೇಕೆಂದು ನಿರ್ಧರಿಸುವಾಗ ಅಲ್ಲಿ ಯಾರು ಕುಳಿತಿರುತ್ತಾರೆ?

ಇಲ್ಲಿ ನ್ಯೂಜಿಲೆಂಡಿನಲ್ಲಿ ಮಕ್ಕಳು ಮತ್ತು ಕುಟುಂಬಗಳ ಕುರಿತ 1989ರ ಕಾಯ್ದೆಯು ಕುಟುಂಬ ಸಭೆಯನ್ನು ಕಡ್ಡಾಯ ಪ್ರಕ್ರಿಯೆಯ ಭಾಗವಾಗಿಸಿತು. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ದೀರ್ಘಕಾಲದ ಒತ್ತಾಯ ಅದರ ಹಿಂದಿತ್ತು. ತಂದೆತಾಯಿಯರಷ್ಟೇ ಅಲ್ಲ, ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರೂ ಸೇರುತ್ತಾರೆ. ಅಧಿಕಾರಿಗಳು ತಮಗೆ ತಿಳಿದಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿ ಹೊರಗೆ ಹೋಗುತ್ತಾರೆ, ಕುಟುಂಬದವರು ತಾವು ತಾವೇ ಚರ್ಚಿಸಿ ಯೋಜನೆಯೊಂದನ್ನು ಮುಂದಿಡುತ್ತಾರೆ. ಅದು ಮಗುವಿನ ಸುರಕ್ಷತೆಗೆ ಸಾಲದಿದ್ದರೆ ನಾವು ಒಪ್ಪಬೇಕಾಗಿಲ್ಲ. ಇಷ್ಟಾದರೂ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂದಿಗೂ ಮಾವೊರಿಗಳೇ ಆಗಿರುವುದರಿಂದ, ಈ ಪದ್ಧತಿಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಕುಟುಂಬವೇ ಮೊದಲು, ಸಂಸ್ಥೆಯ ವಾಸ ಕೊನೆಯ ದಾರಿ ಎನ್ನುತ್ತದೆ. ಆದರೆ ಕೊಡಗಿನಲ್ಲಿ ನಡೆಯುವುದನ್ನು ನೋಡಿ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಫಿ ಕೊಯ್ಲಿನಲ್ಲಿ ಯರವ ಅಥವಾ ಜೇನುಕುರುಬ ಆದಿವಾಸಿ ತಾಯಿಯೊಬ್ಬಳು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಮಡಿಕೇರಿಗೆ ಬಂದು, ಮಗು ಎಲ್ಲಿರಬೇಕೆಂದು ಆದೇಶಿಸುವ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮುಂದೆ, ತನ್ನ ಮನೆಮಾತಲ್ಲದ ಭಾಷೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸಬೇಕಾಗುತ್ತದೆ. ಮಗು ಬಾಲಮಂದಿರಕ್ಕೋ ಆಶ್ರಮ ಶಾಲೆಗೋ ಹೋಗುತ್ತದೆ. ಪಕ್ಕದ ಹಾಡಿಯಲ್ಲಿರುವ, ಅಂದರೆ ಆದಿವಾಸಿಗಳ ಕೇರಿಯಲ್ಲಿರುವ, ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ. ತೋಟದಿಂದ ತೋಟಕ್ಕೆ ಹೋಗುವ ಕುಟುಂಬವನ್ನು ಹಿಂಬಾಲಿಸಿ ಅವಳನ್ನು ಹುಡುಕುವಷ್ಟು ಸಿಬ್ಬಂದಿಯೂ ಇರುವುದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ತೆರವಿನಿಂದ ಗುಡಿಸಲು ಕಳೆದುಕೊಂಡ ಆದಿವಾಸಿಗಳಿಗೆ ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಸಿಕ್ಕಿತು. ಹೀಗೆ ಎತ್ತಂಗಡಿಯಾದವರಿಗೆ ನೆಂಟರ ಆಸರೆಯೇ ಇರುವ ಒಂದು ಆಸ್ತಿ, ಅದನ್ನೇ ನಮ್ಮ ಕಡತಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೂಡಿ ಕುಳಿತು ನಿರ್ಧರಿಸುವುದು ಕೊಡಗಿಗೆ ಹೊಸದೇನೂ ಅಲ್ಲ. ಐನ್‌ಮನೆಯೆಂಬ ಮೂಲಮನೆಯಲ್ಲಿ ಹಿರಿಯನಾದ ಪಟ್ಟೆದಾರನ ಮುಂದೆ ಒಕ್ಕದವರೆಲ್ಲ, ಅಂದರೆ ಒಂದೇ ವಂಶದವರೆಲ್ಲ, ಸೇರಿ ಮಾತಾಡುವ ಕ್ರಮವನ್ನು ಕೊಡವರು ಗೌರವದಿಂದ ಉಳಿಸಿಕೊಂಡು ಬಂದಿದ್ದಾರೆ. ಅದೇ ಗೌರವ ಲೈನ್‌ಮನೆಯ ಕುಟುಂಬಕ್ಕೂ ಸಲ್ಲಬೇಕೆಂಬುದು ನನ್ನ ವಾದ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಮಿತಿಯ ಆದೇಶಕ್ಕೆ ಮೊದಲು ಮಗುವಿನ ಮನೆಯ ಸ್ಥಿತಿಗತಿ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿಯನ್ನು ಸಿದ್ಧಪಡಿಸುವ ಹಂತದಲ್ಲೇ, ಸಂತೆಯ ರಜೆಯ ದಿನ, ಹಾಡಿಯಲ್ಲಿಯೇ, ಅವರ ಮಾತು ಬಲ್ಲವರೊಬ್ಬರನ್ನು ಕೂರಿಸಿಕೊಂಡು ನೆಂಟರ ಸಭೆ ನಡೆಸಬಹುದು. ಮನೆಯಲ್ಲಿ ಹಿಂಸೆಯಿರುವಾಗ ಹಿಂಸಿಸಿದವನನ್ನು ಆ ಸಭೆಯಿಂದ ದೂರವಿಡಲೇಬೇಕು. ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ನೋಡಿಕೊಳ್ಳಲು ಮುಂದೆ ಬಂದರೆ, ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದಿರುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಸಿಗುವ ತಿಂಗಳಿಗೆ 4,000 ರೂಪಾಯಿಯ ಅರ್ಜಿಯನ್ನು ಅಲ್ಲೇ ಕುಳಿತು ತುಂಬಿಸಬಹುದು.