ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಹೊಸ ಕಂಪ್ಯೂಟರ್ ಕೊಂಡವರಿಗೆ ಅಭಿನಂದನೆ ಹೇಳುವ ಪದ್ಧತಿಯನ್ನು ಯಾರು ಹುಟ್ಟುಹಾಕಿದರೋ ತಿಳಿಯದು. ಹೇಳಬೇಕಾದದ್ದು ಸಾಂತ್ವನ. ಮನೆ ಬದಲಿಸಿದವರ ಹಿಂದೆ ಸಾಮಾನಿನ ಲಾರಿಯಾದರೂ ಬರುತ್ತದೆ. ಇಲ್ಲಿ ನಾಲ್ಕು ಗೋಡೆ ತೋರಿಸಿ, ಪಾತ್ರೆಪಗಡೆಯನ್ನು ನೀವೇ ಹುಡುಕಿ ತನ್ನಿ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಯಾರೋ ಅಪರಿಚಿತರು ಆಗಲೇ ಚಾಪೆ ಹಾಸಿ ಮಲಗಿರುತ್ತಾರೆ.

ಅಪರಿಚಿತರೆಂದರೆ, ಕೇಳದೆಯೇ ತುಂಬಿ ಕಳುಹಿಸಿದ ತಂತ್ರಾಂಶಗಳು. ನನ್ನದರಲ್ಲಿ ಒಂದು ಆಂಟಿವೈರಸ್ ಇತ್ತು. ಕಂಪ್ಯೂಟರ್ ಇನ್ನೂ ಇಂಟರ್ನೆಟ್ಟಿನ ಮುಖವನ್ನೇ ನೋಡಿರಲಿಲ್ಲ, ಆಗಲೇ ಮೂಲೆಯಿಂದ ಇಣುಕಿ ‘ನೀವು ಅಪಾಯದಲ್ಲಿದ್ದೀರಿ’ ಎಂದಿತು. ಅಪಾಯ ಯಾವುದೆಂದು ವಿಚಾರಿಸಿದರೆ, ಅದರ ಉಚಿತ ಅವಧಿ ಮುಗಿಯಲಿರುವುದೇ ಅಪಾಯ! ವಿಂಡೋಸ್‌ನೊಳಗೆ ಡಿಫೆಂಡರ್ ಎಂಬ ಕಾವಲುಗಾರ ಹೇಗೂ ಇದ್ದಾನೆ. ಬಹಳ ಸಂಕೋಚದ ಸ್ವಭಾವ ಅವನದು. ಹೊರಗಿನ ಆಂಟಿವೈರಸ್ ಬಂದರೆ ತಾನಾಗಿ ಹಿಂದೆ ಸರಿಯುತ್ತಾನೆ, ಅದನ್ನು ಹೊರಹಾಕಿದರೆ ಮಾತಿಲ್ಲದೆ ಕೆಲಸಕ್ಕೆ ಮರಳುತ್ತಾನೆ. ಸಾಧಾರಣ ಬಳಕೆಗೆ ಅವನು ಸಾಕು. ಆದರೆ ಸಂಕೋಚದವರ ಮಾತು ಎಲ್ಲಿ ನಡೆಯುತ್ತದೆ?

ಹಳೆಯ ಕಂಪ್ಯೂಟರ್‌ಗೆ ರೋಗವೇನೂ ಇರಲಿಲ್ಲ ಎಂಬುದೇ ಸಂಕಟ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನನ್ನದರಲ್ಲಿ ಅದು ಇರಲಿಲ್ಲ. ಅದಿಲ್ಲದೆಯೇ ಇಷ್ಟು ವರ್ಷ ನಿಯತ್ತಾಗಿ ದುಡಿದದ್ದು ಲೆಕ್ಕಕ್ಕೆ ಬರಲಿಲ್ಲ. ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಇನ್ನೂ ಬಹಳ ಕಾಲ ಬಾಳುತ್ತಿತ್ತು ಎಂದು ಬಲ್ಲವರು ಹೇಳಿದರು. ಬಲ್ಲವರು ಯಾವಾಗಲೂ ಕೊಂಡ ಮೇಲೆಯೇ ಹೇಳುತ್ತಾರೆ.

ಇನ್ನು ನಮ್ಮ ಭಾವನ ವಿಚಾರ.

ಭಾವ ದಿನಪತ್ರಿಕೆಯನ್ನು ಟೆಂಡರ್ ಪ್ರಕಟಣೆಯವರೆಗೆ ಬಿಡದೆ ಓದುವವರು. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಸಣ್ಣಕ್ಷರದ ಕಾಗದವನ್ನೂ ಬಿಡಿಸಿ, ಯಾವ ಅಡ್ಡಪರಿಣಾಮ ಎಷ್ಟು ಅಪರೂಪ ಎಂದು ಅಕ್ಕನಿಗೆ ಓದಿ ಹೇಳುತ್ತಾರೆ. ಅಂಥ ಮನುಷ್ಯ ಕಂಪ್ಯೂಟರ್ ಮುಂದೆ ಕೂತ ಕ್ಷಣ ನಿರಕ್ಷರಿಯಾಗುತ್ತಾರೆ. ತೆರೆಯ ಮೇಲೆ ಏನೇ ಬರಲಿ, ಅವರಿಗೆ ಕಾಣುವುದು ಬಲಗಡೆಯ ಕೆಳಮೂಲೆಯಲ್ಲಿರುವ ಒಂದೇ ಒಂದು ಗುಂಡಿ: ನೆಕ್ಸ್ಟ್. ಅದನ್ನು ಅವರು ಒತ್ತುವ ರಭಸಕ್ಕೆ ಪುಟ ಪೂರ್ತಿ ಮೂಡಲೂ ಅವಕಾಶವಿರುವುದಿಲ್ಲ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್, ಫಿನಿಶ್. ಯಾವುದಕ್ಕೆ ಒಪ್ಪಿದಿರಿ ಎಂದು ಕೇಳಿದರೆ, “ಒಪ್ಪದಿದ್ದರೆ ಮುಂದಕ್ಕೆ ಬಿಡುತ್ತದೆಯೇ?” ಎಂದು ತಿರುಗಿ ಕೇಳುತ್ತಾರೆ. ಇದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಬಳಗದಲ್ಲಿ ಯಾರ ಮನೆಗೆ ಹೊಸ ಕಂಪ್ಯೂಟರ್ ಬಂದರೂ ಸುದ್ದಿ ಭಾವನನ್ನು ತಲುಪುತ್ತದೆ, ಸುದ್ದಿಯ ಹಿಂದೆಯೇ ಭಾವ ಆ ಮನೆಯನ್ನು ತಲುಪುತ್ತಾರೆ. ಈ ಸಲವೂ ಹಾಗೆಯೇ ಆಯಿತು. ಹಳೆಯ ಕ್ಯಾಮೆರಾದ ವಿಡಿಯೊ ಒಂದು ತೆರೆಯಲಿಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಹಾಕಿಕೊಳ್ಳಬೇಕು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು. “ನೀನು ಏಳು, ನಾನು ಹಾಕಿಕೊಡುತ್ತೇನೆ.” ಅಕ್ಕನ ಗಂಡನಿಗೆ ಕುರ್ಚಿ ಬಿಡದಿರುವುದು ಹೇಗೆ?

ಭಾವ ಹುಡುಕಿದರು. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಬರುವುದು ಜಾಹೀರಾತು ಎಂಬುದನ್ನು ಅವರು ಒಪ್ಪುವುದಿಲ್ಲ. ಮೊದಲು ಬಂದವನು ಯೋಗ್ಯತೆಯಿಂದಲೇ ಮೊದಲು ಬಂದಿರುತ್ತಾನೆ ಎನ್ನುವ ಕಾಲದವರು. ತೆರೆದ ಪುಟದ ತುಂಬ ಡೌನ್‌ಲೋಡ್ ಗುಂಡಿಗಳು. ಇಂಥ ಪುಟಗಳಿಗೆ ಒಂದು ನಿಯಮವಿದೆ. ಗುಂಡಿ ಎಷ್ಟು ದೊಡ್ಡದೋ, ಎಷ್ಟು ಹಸಿರೋ, ಅಷ್ಟು ಸುಳ್ಳು. ನಮಗೆ ಬೇಕಾದ ನಿಜವಾದ ಕೊಂಡಿ ಎಲ್ಲೋ ಕೆಳಗೆ, ತಪ್ಪು ಮಾಡಿದವನ ಹಾಗೆ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಭಾವ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದರು. ಆಮೇಲೆ ಅವರ ಬೆರಳು ತನ್ನ ಪಾಡಿಗೆ ಓಡಿತು. ‘ಎಕ್ಸ್‌ಪ್ರೆಸ್, ಶಿಫಾರಸು ಮಾಡಲಾಗಿದೆ’ ಎಂಬ ಚುಕ್ಕೆ ಮೊದಲೇ ತುಂಬಿತ್ತು. ಪಕ್ಕದ ‘ಕಸ್ಟಮ್’ ಆಯ್ದುಕೊಂಡಿದ್ದರೆ ಯಾರ್‍ಯಾರು ಜೊತೆಗೆ ಬರುತ್ತಿದ್ದಾರೆಂದು ಗೊತ್ತಾಗುತ್ತಿತ್ತು, ಟಿಕ್ ತೆಗೆದು ಅವರನ್ನು ಬಾಗಿಲಲ್ಲೇ ನಿಲ್ಲಿಸಬಹುದಿತ್ತು. “ಭಾವ, ಒಂದು ನಿಮಿಷ” ಎಂದೆ. ಫಿನಿಶ್ ಆಗಿತ್ತು.

ವಿಡಿಯೊ ಪ್ಲೇಯರ್ ಬಂತು, ಯಾವುದೋ ಒಂದು. ಅದರ ಜೊತೆಗೆ ಬ್ರೌಸರ್‌ನ ಮುಖಪುಟ ಬದಲಾಯಿತು. ಹವಾಮಾನ ಹೇಳುವ ಪೆಟ್ಟಿಗೆಯೊಂದು ಮೂಲೆಯಲ್ಲಿ ಠಿಕಾಣಿ ಹೂಡಿ ಯಾವುದೋ ದೇಶದ ಹಿಮಪಾತದ ಬಗ್ಗೆ ನಮ್ಮನ್ನು ಎಚ್ಚರಿಸತೊಡಗಿತು. ಇವೆರಡನ್ನೂ ಸಹಿಸಬಹುದಿತ್ತು. ಮೂರನೆಯದು ಕಂಪ್ಯೂಟರ್‌ನ ವೇಗ ಹೆಚ್ಚಿಸುವ ತಂತ್ರಾಂಶ. ಅದು ತಾನೇ ಎದ್ದು, ತಾನೇ ತಪಾಸಣೆ ಮಾಡಿ, ಪೆಟ್ಟಿಗೆಯಿಂದ ಹೊರಬಂದು ಅರ್ಧ ದಿನವಾಗದ ಯಂತ್ರದಲ್ಲಿ ಸಾವಿರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ಸಾರಿತು. ಭಾವ ಕನ್ನಡಕ ಸರಿಪಡಿಸಿಕೊಂಡು ಮೊದಲ ಸಲ ತೆರೆಯನ್ನು ಓದಿದರು. “ನಿನಗೆ ಮೋಸ ಮಾಡಿದ್ದಾರೆ, ಹಳೆಯ ಮಾಲು ಕೊಟ್ಟಿದ್ದಾರೆ” ಎಂದರು.

ಅದನ್ನು ತೆಗೆದುಹಾಕುವ ಹೊಣೆಯನ್ನೂ ಅವರೇ ಹೊತ್ತರು. ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತುವವರೆಗೆ ಎಲ್ಲ ಸರಿಯಿತ್ತು. ಆಗ ಕಾರಣ ಕೇಳುವ ಪುಟ ಬಂತು, ನೆಕ್ಸ್ಟ್. ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವ ಪುಟ ಬಂತು, ನೆಕ್ಸ್ಟ್. ಕೊನೆಯ ಪುಟದಲ್ಲಿ ಅಳುಮೋರೆಯ ನಾಯಿಮರಿಯ ಚಿತ್ರ. ‘ನಿಜವಾಗಿಯೂ ನಮ್ಮನ್ನು ಬಿಟ್ಟುಬಿಡುತ್ತೀರಾ?’ ಕೆಳಗೆ ಎಡಕ್ಕೆ, ಬೂದು ಬಣ್ಣದ ಮೇಲೆ ಬೂದು ಅಕ್ಷರಗಳಲ್ಲಿ, ತೆಗೆದುಹಾಕುವ ಆಯ್ಕೆ. ಬಲಮೂಲೆಯಲ್ಲಿ, ನೆಕ್ಸ್ಟ್ ಇರಬೇಕಾದ ಜಾಗದಲ್ಲೇ, ಕೊಬ್ಬಿದ ಹಸಿರು ಗುಂಡಿ: ‘ಇಲ್ಲ, ಉಳಿಸಿಕೊಳ್ಳುತ್ತೇನೆ.’ ಆ ಪುಟವನ್ನು ರೂಪಿಸಿದವನು ನಮ್ಮ ಭಾವನನ್ನು ಎಂದೂ ಕಂಡಿರಲಾರ. ಆದರೂ ಅವರ ಬಲಗೈ ತೋರುಬೆರಳಿನ ಜಾತಕವನ್ನು ಬರೆದಿಟ್ಟುಕೊಂಡೇ ಕೆಲಸಕ್ಕೆ ಕೂತಿದ್ದ. ತಂತ್ರಾಂಶ ನಮ್ಮ ವಿಶ್ವಾಸಕ್ಕೆ ವಂದಿಸಿ, ನಾಯಿಮರಿಯನ್ನು ನಗಿಸಿ, ಮತ್ತೊಮ್ಮೆ ತಪಾಸಣೆ ಮಾಡಿತು. ದೋಷಗಳು ಮೊದಲಿಗಿಂತ ಹೆಚ್ಚಾಗಿವೆ ಎಂದಿತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಭಾವ ಊಟಕ್ಕೆ ಎದ್ದರು, ನಾನು ಕುರ್ಚಿ ಹಿಡಿದೆ. ಎಲ್ಲವನ್ನೂ ಕಿತ್ತುಹಾಕಿ ಮೊದಲಿನಿಂದ ಶುರುಮಾಡಿದೆ. ನೈನೈಟ್ ಎಂಬ ತಾಣವಿದೆ. ಬೇಕಾದ ತಂತ್ರಾಂಶಗಳಿಗೆ ಟಿಕ್ ಹಾಕಿದರೆ ಒಂದೇ ಇನ್‌ಸ್ಟಾಲರ್ ಕೊಡುತ್ತದೆ. ಅದು ಎಲ್ಲವನ್ನೂ ಅವುಗಳ ಅಧಿಕೃತ ತಾಣಗಳಿಂದ ತಂದು, ನೆಕ್ಸ್ಟ್‌ಗಳನ್ನೆಲ್ಲ ತಾನೇ ಒತ್ತಿ, ಟೂಲ್‌ಬಾರ್ ಬೇಕೇ ಎಂದು ಕೇಳಿದಲ್ಲೆಲ್ಲ ಬೇಡ ಎನ್ನುತ್ತದೆ. ಹೆಚ್ಚುಕಡಿಮೆ ನಮ್ಮ ಭಾವನೇ, ‘ಬೇಡ’ ಎನ್ನಲು ಕಲಿತವರು. ಅದಕ್ಕಿಂತ ನನಗೆ ಪ್ರಿಯವಾದದ್ದು ವಿಂಡೋಸ್‌ನಲ್ಲೇ ಸಿಗುವ ವಿಂಗೆಟ್ ಎಂಬ, ತಂತ್ರಾಂಶ ತಂದು ಕೂರಿಸುವ ಸಾಧನ. ಹಳೆಯ ಕಂಪ್ಯೂಟರ್‌ನ ಟರ್ಮಿನಲ್‌ನಲ್ಲಿ ವಿಂಗೆಟ್ ಎಕ್ಸ್‌ಪೋರ್ಟ್ ಆದೇಶ ಕೊಟ್ಟರೆ, ತನಗೆ ಗುರುತಿರುವ ತಂತ್ರಾಂಶಗಳ ಪಟ್ಟಿಯನ್ನು ಒಂದು ಫೈಲ್‌ಗೆ ಬರೆದುಕೊಡುತ್ತದೆ. ಹೊಸದರಲ್ಲಿ ಅದೇ ಫೈಲ್ ತೋರಿಸಿ ಇಂಪೋರ್ಟ್ ಎಂದರೆ ಒಂದೊಂದಾಗಿ ತಂದು ಕೂರಿಸುತ್ತದೆ. ಹಸಿರು ಗುಂಡಿಯಿಲ್ಲ, ನಾಯಿಮರಿಯಿಲ್ಲ. ಕಪ್ಪು ತೆರೆ, ಬಿಳಿ ಅಕ್ಷರ, ಅಷ್ಟೇ.

ಊಟ ಮುಗಿಸಿ ಬಂದ ಭಾವ ಆ ಕಪ್ಪು ತೆರೆಯನ್ನು ನೋಡಿ ನಿಂತುಬಿಟ್ಟರು. ಬಲಮೂಲೆಯನ್ನು ನೋಡಿದರು. ಎಡಮೂಲೆಯನ್ನೂ ನೋಡಿದರು. “ಇದರಲ್ಲಿ ಒತ್ತುವುದು ಎಲ್ಲಿ?” ಎಂದು ಕೇಳಿದ ಅವರ ದನಿಯಲ್ಲಿದ್ದ ಅನಾಥಭಾವ ನನ್ನ ಸಿಟ್ಟನ್ನು ಅರ್ಧ ಇಳಿಸಿತು. ಪುಣ್ಯಕ್ಕೆ ವಿಂಗೆಟ್ ಮೊದಲ ಸಲ ಓಡುವಾಗ ನಿಬಂಧನೆಗಳಿಗೆ ಒಪ್ಪಿಗೆ ಕೇಳುತ್ತದೆ. ಒಪ್ಪಿದರೆ ವೈ, ಇಲ್ಲದಿದ್ದರೆ ಎನ್. ಕೀಲಿಮಣೆಯನ್ನು ಅವರತ್ತ ಸರಿಸಿದೆ. ಓದದೆಯೇ ವೈ ಒತ್ತಿದರು. ಸಾಲುಗಳು ಸರಸರನೆ ಮೇಲೇರುವುದನ್ನು ಕೈಕಟ್ಟಿ ನೋಡಿ, “ನಾನು ಹೇಳಲಿಲ್ಲವೇ, ಓದುತ್ತಾ ಕೂತರೆ ಕೆಲಸವಾಗುವುದಿಲ್ಲ” ಎಂದರು.

ಬಂದವುಗಳಲ್ಲಿ ವಿಎಲ್‌ಸಿ ಒಂದು. ರಸ್ತೆ ಅಗೆದಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವನ್ನು ಲಾಂಛನ ಮಾಡಿಕೊಂಡ ಈ ಪ್ಲೇಯರ್ 1996ರಲ್ಲಿ ಪ್ಯಾರಿಸ್ ಬಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ್ದು. ಅವರು ಕೂಡಿಹಾಕಿದ್ದ ಶಂಕುಗಳೇ ಲಾಂಛನಕ್ಕೆ ಮೂಲವಂತೆ. ಯಾವ ಕಾಲದ, ಯಾವ ಜಾತಿಯ ವಿಡಿಯೊ ಕೊಟ್ಟರೂ ಬಹುಮಟ್ಟಿಗೆ ತೆರೆಯುತ್ತದೆ, ಜಾಹೀರಾತು ತೋರಿಸುವುದಿಲ್ಲ. ಫೈಲ್‌ಗಳನ್ನು ಕುಗ್ಗಿಸಿ ಕಂತೆ ಕಟ್ಟಲು, ಕಟ್ಟಿದ್ದನ್ನು ಬಿಚ್ಚಲು ಈಗೊರ್ ಪಾವ್ಲೊವ್ 1999ರಲ್ಲಿ ಹೊರತಂದ 7-ಜಿಪ್ ಇನ್ನೊಂದು. ಈಚಿನ ವಿಂಡೋಸ್ 11 ಇಂಥ ಕಂತೆಗಳನ್ನು ತಾನೇ ಬಿಚ್ಚುತ್ತದೆ ನಿಜ, ಆದರೂ 7-ಜಿಪ್ ಇಲ್ಲದ ಕಂಪ್ಯೂಟರ್ ನನ್ನದೆನ್ನಿಸುವುದಿಲ್ಲ. ಎವೆರಿಥಿಂಗ್ ಎಂಬ ಪುಟ್ಟ ಹುಡುಕಾಟದ ಸಾಧನವಿದೆ. ಹೆಸರಿನ ಎರಡಕ್ಷರ ಒತ್ತುವಷ್ಟರಲ್ಲಿ ಫೈಲ್ ಎಲ್ಲಿದ್ದರೂ ಕಣ್ಣೆದುರಿಗೆ ತಂದಿಡುತ್ತದೆ. ಪಾಸ್‌ವರ್ಡ್‌ಗಳಿಗೆ ಕೀಪಾಸ್ ಅಥವಾ ಬಿಟ್‌ವಾರ್ಡನ್, ಬರವಣಿಗೆಗೆ ಲಿಬ್ರೆ ಆಫೀಸ್, ಫೋಟೊ ನೋಡಲು ಇರ್ಫಾನ್‌ವ್ಯೂ. ಇವುಗಳಲ್ಲಿ ಹಲವು ಒಬ್ಬಿಬ್ಬರು ಕೂತು ಬರೆದು ಹಂಚಿದಂಥವು. ಬರುವಾಗ ನೆಂಟರಿಷ್ಟರನ್ನು ಕರೆತರುವುದಿಲ್ಲ, ಹೋಗೆಂದರೆ ಅಳುವುದೂ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಈಗ ಮೊದಲೇ ಇರುತ್ತದೆ; ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಸಾಕು. ಬೆರಳುಗಳಿಗೆ ಕೆ.ಪಿ. ರಾವ್ ವಿನ್ಯಾಸವೇ ಅಭ್ಯಾಸವಾಗಿದ್ದರೆ ನುಡಿ ತಂತ್ರಾಂಶ ಹಾಕಿಕೊಳ್ಳಬಹುದು. ಬರೆಯುವುದು ಸುಲಭ, ಹಿಂದೆ ಬರೆದದ್ದನ್ನು ಓದುವುದೇ ಕಷ್ಟ. ಈಗ ಎಲ್ಲ ಭಾಷೆಗಳ ಅಕ್ಷರಗಳಿಗೂ ಯೂನಿಕೋಡ್ ಎಂಬ ಒಂದೇ ಸಂಕೇತಪಟ್ಟಿ ಇದೆ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಉಳಿಸಿದ ಕಡತಗಳನ್ನು, ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ‘ಕನ್ನಡ’ ಎಂದು ಬರೆದ ಕಡೆ ಒಂದು ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ನಡುವೆ ಎಲ್ಲಿಂದಲೋ ಬಂದ ಪೌಂಡ್ ಚಿಹ್ನೆ. ಅಂದು ಶ್ರದ್ಧೆಯಿಂದ ಬರೆದ ಲೇಖನ ಬ್ರಿಟಿಷರ ಲೆಕ್ಕಪತ್ರದ ಹಾಗೆ ಕಾಣುತ್ತದೆ. ಪರಿವರ್ತಕಗಳಿವೆ, ಕೆಲಸವನ್ನೂ ಮಾಡುತ್ತವೆ. ಒತ್ತಕ್ಷರಗಳಲ್ಲಿ ಮಾತ್ರ ಒಮ್ಮೊಮ್ಮೆ ತಮ್ಮದೇ ಅಭಿಪ್ರಾಯ ಇಟ್ಟುಕೊಂಡಿರುತ್ತವೆ. ಹಳೆಯ ಯಂತ್ರವನ್ನು ಕೈಬಿಡುವ ಮುನ್ನ ಆ ಫಾಂಟ್‌ಗಳನ್ನೊಮ್ಮೆ ಎತ್ತಿಟ್ಟುಕೊಳ್ಳಿ. ಹಾಗೆಯೇ, ಎರಡು ಹಂತದ ಲಾಗಿನ್‌ಗೆ ಸಂಕೇತ ಕೊಡುವ ಆ್ಯಪ್ ಹಳೆಯದರಲ್ಲೇ ಇದ್ದರೆ, ಅದನ್ನು ವರ್ಗಾಯಿಸಿಕೊಳ್ಳದೆ ಏನನ್ನೂ ಅಳಿಸಬೇಡಿ. ನಿಮ್ಮ ಖಾತೆಗೆ ನೀವು ನೀವೇ ಎಂದು ಸಾಬೀತುಪಡಿಸಲು ನಿಮ್ಮಿಂದಲೇ ಆಗದ ಸ್ಥಿತಿ ಬರುತ್ತದೆ.

ಇಷ್ಟೆಲ್ಲ ಕೂರಿಸಿ, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಲು ಲಿಬ್ರೆ ಆಫೀಸ್ ತೆರೆದೆ. ಕೆಳಗೆ ನನ್ನ ಹೆಸರು ಬರೆದ ಕೂಡಲೇ ಅದರಡಿ ಕೆಂಪು ಗೆರೆ. ನಾನು ಕಾಗುಣಿತದ ತಪ್ಪಂತೆ! ಹಳೆಯ ಯಂತ್ರಕ್ಕೆ ಈ ಅನುಮಾನ ಎಂದೋ ಪರಿಹಾರವಾಗಿತ್ತು, ಏಕೆಂದರೆ ‘ನಿಘಂಟಿಗೆ ಸೇರಿಸು’ ಎಂದು ವರ್ಷಗಟ್ಟಲೆ ಅದಕ್ಕೆ ಕಲಿಸಿದ್ದೆ. ಹಾಗೆ ಸೇರಿಸಿದ ಪದಗಳನ್ನು ಲಿಬ್ರೆ ಆಫೀಸ್ ಬಳಕೆದಾರರ ಪ್ರೊಫೈಲ್‌ನೊಳಗೆ ಒಂದು ಸಾದಾ ಪಠ್ಯದ ಫೈಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ನಕಲು ಮಾಡಿಕೊಂಡರೆ ಸಾಕು. ನಕಲು ಮಾಡುವ ಮುನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ನೆಂಟರ ಹೆಸರುಗಳು, ಬೀದಿಯ ಹೆಸರು, ಈಗ ಪತ್ರವ್ಯವಹಾರವೇ ಇಲ್ಲದ ಗೆಳೆಯನೊಬ್ಬನ ಮನೆತನದ ಹೆಸರು. ಅಮ್ಮ ಹಾಸಿಗೆ ಹಿಡಿದ ವರ್ಷ ವೈದ್ಯರಿಗೆ ಪದೇ ಪದೇ ಬರೆಯಬೇಕಾಗಿದ್ದ ಔಷಧದ ಹೆಸರೂ ಇತ್ತು. ಅದು ಮತ್ತೆಂದೂ ಬೇಕಾಗಿಲ್ಲ. ತೆಗೆದುಬಿಡಬಹುದಿತ್ತು, ತೆಗೆಯಲಿಲ್ಲ. ಈ ಪಟ್ಟಿಯನ್ನು ವಿಂಗೆಟ್ ತರುವುದಿಲ್ಲ, ನೈನೈಟ್‌ನಲ್ಲಿ ಅದಕ್ಕೆ ಟಿಕ್ ಪೆಟ್ಟಿಗೆಯೂ ಇಲ್ಲ.

ಫೈಲ್ ಬಂದು ಕೂತಿತು, ಲಿಬ್ರೆ ಆಫೀಸ್ ಮುಚ್ಚಿ ತೆರೆದಾಗ ನನ್ನ ಹೆಸರಿನಡಿಯ ಗೆರೆ ಹೋಯಿತು. ಭಾವ ಅಷ್ಟರಲ್ಲಿ ಅಕ್ಕನ ಫೋನ್ ತೆಗೆದುಕೊಂಡು ಯಾವುದಕ್ಕೋ ‘ಅನುಮತಿಸು, ಅನುಮತಿಸು’ ಎಂದು ಒತ್ತುತ್ತಾ ಕೂತಿದ್ದರು. ಇತ್ತ ನನ್ನ ತೆರೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಅರಳಿತು. ಹೊಸ ಕಂಪ್ಯೂಟರ್‌ಗೆ ಬದಲಾದ ನಿಮ್ಮ ಅನುಭವ ಹೇಗಿತ್ತು? ಐದು ನಕ್ಷತ್ರಗಳಲ್ಲಿ ಎರಡನ್ನು ಒತ್ತಿದೆ. ಕಾರಣ ತಿಳಿಸಿ ಎಂದು ಇನ್ನೂರು ಅಕ್ಷರಗಳ ಜಾಗ ಕೊಟ್ಟರು. ನಾಯಿಮರಿಯ ವಿಷಯಕ್ಕೇ ಅದು ಸಾಲಲಿಲ್ಲ.