ಹೆಣ್ಮಕ್ಕಳ ಓದಿನಿಂದ ಮದುವೆ ನಿಂತಿಲ್ಲ: ಒಂದು ಸ್ಪಷ್ಟನೆ

ಗಂಗಾವತಿ, ಕೊಪ್ಪಳದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಮುಂದುವರಿದ ದೇಶಗಳಲ್ಲಿ ಹೆಣ್ಮಕ್ಕಳು ಜಾಸ್ತಿ ಓದಿದರು, ಅದಕ್ಕೇ ಅಲ್ಲಿ ಮದುವೆಯೇ ನಿಂತುಹೋಯಿತು’ ಅಂತ. ನಮ್ಮ ಓಣಿಯ ಅಕ್ಕ ಒಬ್ಬರು ಇದನ್ನು ತೋರಿಸಿ, ಮಗಳನ್ನು ಡಿಗ್ರಿಗೆ ಕಳಿಸಬೇಕೋ ಬೇಡವೋ ಎಂದು ಕೇಳಿದರು. ಮನಸ್ಸಿಗೆ ತುಂಬಾ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆ ಕಡಿಮೆಯಾಗಿರುವುದು ನಿಜ. ಜಪಾನಿನಲ್ಲಿ 1972ರಲ್ಲಿ ಸುಮಾರು 11 ಲಕ್ಷ ಮದುವೆಗಳಾಗಿದ್ದವು. 2023ರಲ್ಲಿ 5 ಲಕ್ಷವೂ ಇಲ್ಲ. ಆದರೆ ನಿಂತಿಲ್ಲ. ದಕ್ಷಿಣ ಕೊರಿಯಾದಲ್ಲಂತೂ 2024ರಲ್ಲಿ ಮತ್ತೆ ಏರಿ 2.2 ಲಕ್ಷ ದಾಟಿತು.

ಇನ್ನು ಓದಿನ ಮಾತು. ಅಮೆರಿಕದಲ್ಲಿ ಲೆಕ್ಕ ಉಲ್ಟಾ ಇದೆ. ಕಾಲೇಜು ಮುಗಿಸಿದ ಹೆಣ್ಮಕ್ಕಳು ತಡವಾಗಿ ಮದುವೆಯಾಗುತ್ತಾರೆ, ಆದರೆ ಅವರಲ್ಲೇ ಮದುವೆ ಹೆಚ್ಚು. ಕಡಿಮೆ ಓದಿದವರಲ್ಲೇ ಜಾಸ್ತಿ ಇಳಿದಿದೆ. ಕಾಯಂ ದುಡಿಮೆ ಇಲ್ಲದೆ ಸಂಸಾರ ಹೂಡುವುದು ಕಷ್ಟ ಅಲ್ವಾ? ಜಪಾನಿನಲ್ಲೂ ಕಾಯಂ ನೌಕರಿ ಇಲ್ಲದ ಗಂಡಸರು ಒಂಟಿಯಾಗಿ ಉಳಿಯುವುದು ಹೆಚ್ಚು. ಅಲ್ಲಿ 2020ರ ಜನಗಣತಿಯ ಪ್ರಕಾರ 50ರ ವಯಸ್ಸಿಗೂ ಮದುವೆಯಾಗದ ಗಂಡಸರು ನೂರಕ್ಕೆ ಸುಮಾರು 28, ಹೆಂಗಸರು ಸುಮಾರು 18. ಹೀಗಿರುವಾಗ ಎಲ್ಲವನ್ನೂ ಹೆಣ್ಣಿನ ತಲೆಗೆ ಕಟ್ಟುವುದು ಅನ್ಯಾಯ.

ಸ್ವೀಡನ್, ಫ್ರಾನ್ಸ್ ಕಥೆ ಬೇರೆ. ಮದುವೆಯಾಗದೆ ಜೊತೆಗೆ ಬಾಳುವ ಜೋಡಿಗಳು ಅಲ್ಲಿ ತುಂಬಾ. ಫ್ರಾನ್ಸ್ 1999ರಲ್ಲೇ ಅಂಥವರಿಗೆ ಕಾನೂನಿನ ಒಪ್ಪಂದ ತಂದಿತು. ಅದು ಮದುವೆ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಮಾತು. ಇಂಥ ಸುದ್ದಿಗಳಲ್ಲಿ ಬರುವ ‘ಮದುವೆ ದರ’ ಎಂದರೆ ವರ್ಷಕ್ಕೆ ಸಾವಿರ ಜನರಿಗೆ ಎಷ್ಟು ಮದುವೆ ಎಂಬ ಲೆಕ್ಕ. ವಯಸ್ಸಾದವರೇ ಹೆಚ್ಚಿರುವ ದೇಶದಲ್ಲಿ ಅದು ತಾನಾಗಿಯೇ ಇಳಿಯುತ್ತದೆ.

ಆ ಸಂದೇಶ ನಿಮಗೆ ಬಂದರೆ ಸುಮ್ನೆ ಮುಂದೆ ಕಳಿಸಬೇಡಿ. ಅಕ್ಕನ ಮಗಳು ಡಿಗ್ರಿಗೆ ಅರ್ಜಿ ತುಂಬಿದ್ದಾಳೆ.