ಕಡಿದು ಉಳಿಸಿದ ಕಾಡು

ಅಪ್ಪಯ್ಯ ಮಂಡಿಯೂರಿ ಕೂತು ಹೇಝಲ್ ಗಿಡದ ಬುಡವನ್ನು ಕೈಯಿಂದ ಸವರುತ್ತಿದ್ದ. ಒಂದೇ ಬುಡದಿಂದ ಹೆಬ್ಬೆರಳು ದಪ್ಪದ ಹತ್ತಾರು ಕೋಲುಗಳು ನೆಟ್ಟಗೆ ಎದ್ದಿದ್ದವು. "ಓರೆ ಮಾಡಿ ಕಡದ್ದ ನೋಡು, ನೀರು ನಿಲ್ತಿಲ್ಲೆ" ಅಂದ. ಆಮೇಲೆ ಎದ್ದು ನಿಂತು, ಸುತ್ತ ಒಮ್ಮೆ ಕಣ್ಣಾಡಿಸಿ, "ಇದು ನಮ್ಮ ಬೆಟ್ಟದಾಂಗೇ ಇದ್ದಲೋ ಮಾಣಿ" ಅಂದ.

ಶಿರಸಿ ಹತ್ತಿರದ ಹಳ್ಳಿಯಿಂದ ಮೊದಲ ಸಲ ಇಂಗ್ಲೆಂಡಿಗೆ ಬಂದಿದ್ದಾನೆ. ವಯಸ್ಸು 72. ಹುಟ್ಟಿದಾಗಿನಿಂದ ಅಡಿಕೆ ತೋಟ ಬಿಟ್ಟು ಬೇರೆ ಗೊತ್ತಿಲ್ಲ. ಅವನಿಗೆ ಏನು ತೋರಿಸೋದು ಅಂತ ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ಲಂಡನ್ ಆಯಿತು. ಸೇತುವೆ, ಅರಮನೆ ಎಲ್ಲ ನೋಡಿ "ಚೊಲೋ ಇದ್ದು" ಅಂದಿದ್ದ, ಅಷ್ಟೇ. ಏಪ್ರಿಲ್ ಕೊನೆಯ ಬುಧವಾರ ರಜೆ ಹಾಕಿ, ಕೇಂಬ್ರಿಡ್ಜಿನಿಂದ ಒಂದು ಗಂಟೆ ಕಾರು ಓಡಿಸಿ, ಸಫೋಕಿನ ಬ್ರಾಡ್‌ಫೀಲ್ಡ್ ವುಡ್ಸ್ ಅನ್ನುವ ಕಾಡಿಗೆ ಕರೆದುಕೊಂಡು ಹೋದೆ. ಅಲ್ಲಿ ಅವನ ಬಾಯಿ ಬಿಚ್ಚಿತು.

ದೊಡ್ಡ ಕಾಡೇನೂ ಅಲ್ಲ. ಸುಮಾರು 80 ಹೆಕ್ಟೇರ್. ಸುತ್ತ ಗೋಧಿ ಹೊಲ. ಬೆಟ್ಟವಿಲ್ಲ, ಜಲಪಾತವಿಲ್ಲ, ಸೆಲ್ಫಿಗೆ ಅಂತ ಜಾಗವಿಲ್ಲ. ಕಾಲಿಗೆ ಅಂಟುವ ಜೇಡಿಮಣ್ಣಿನ ಕೆಸರು ಇದೆ. ನಾವು ಹೋದಾಗ ನಮ್ಮ ಕಾರು ಬಿಟ್ಟರೆ ಇನ್ನೊಂದೇ ಕಾರು. ಒಳಗೆ ನೂರು ಹೆಜ್ಜೆ ಹೋದ ಮೇಲೆ ರಸ್ತೆಯ ಸದ್ದು ನಿಂತಿತು. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವ ಚಿಫ್‌ಚಾಫ್ ಹಕ್ಕಿ ಒಂದು ಬಿಡದೆ ಕೂಗುತ್ತಿತ್ತು. ದೂರದಲ್ಲೆಲ್ಲೋ ಟ್ರ್ಯಾಕ್ಟರ್. ಮತ್ತೆ ನಮ್ಮ ಬೂಟು ಕೆಸರಿನಿಂದ ಕಿತ್ತು ಬರುವ ಪಚಕ್ ಪಚಕ್.

ಇಷ್ಟು ಮೌನವಾದ ಜಾಗ ನೋಡಿದರೆ ಯಾರಿಗಾದರೂ ಏನನ್ನಿಸುತ್ತೆ? ಇಲ್ಲಿ ಮನುಷ್ಯ ಕೈ ಹಾಕಿಲ್ಲ, ಅದಕ್ಕೇ ಇದು ಹೀಗಿದೆ ಅಂತ ಅಲ್ವಾ? ನನಗೂ ಮೊದಲ ಸಲ ಬಂದಾಗ ಹಾಗೇ ಅನ್ನಿಸಿತ್ತು. ಅದು ಪೂರ್ತಿ ತಪ್ಪು. ಈ ಕಾಡನ್ನು 1252ರಿಂದಲೂ ಕಡಿಯುತ್ತಲೇ ಬಂದಿದ್ದಾರೆ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ ಅದು. ಆಗ ಈ ಕಾಡು ಹತ್ತಿರದ ಬರಿ ಸೇಂಟ್ ಎಡ್ಮಂಡ್ಸ್ ಊರಿನ ಮಠಕ್ಕೆ ಸೇರಿತ್ತು. 1539ರಲ್ಲಿ ಮಠ ಮುಚ್ಚಿತು. ಒಡೆಯರು ಬದಲಾದರು, ಕಡಿಯುವ ಕ್ರಮ ಬದಲಾಗಲಿಲ್ಲ.

ಕಡಿಯೋದು ಅಂದ್ರೆ ನೆಲಸಮ ಮಾಡೋದಲ್ಲ. ಕಾಡನ್ನು ಪಾಲು ಪಾಲಾಗಿ ಹಂಚಿಕೊಂಡು, ಒಂದೊಂದು ಚಳಿಗಾಲ ಒಂದೊಂದು ಪಾಲಿನ ಗಿಡಗಳನ್ನು ಬುಡದ ಹತ್ತಿರ ಕಡಿಯುತ್ತಾರೆ. ಬುಡ ಸಾಯಲ್ಲ. ವಸಂತ ಬಂದಾಗ ಚಿಗುರು ಒಡೆಯುತ್ತೆ. ಹೇಝಲ್ ಆದರೆ ಏಳೆಂಟು ಹತ್ತು ವರ್ಷಕ್ಕೆ ಮತ್ತೆ ಕಡಿಯೋ ಹದಕ್ಕೆ ಬರುತ್ತೆ, ಆಶ್ ಮರಕ್ಕೆ ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು. ಇದಕ್ಕೆ ಇಲ್ಲಿನವರು ಕಾಪಿಸ್ ಅನ್ನುತ್ತಾರೆ. ಕೋಲು ಬೀನ್ಸ್ ಬಳ್ಳಿಗೆ ಆಸರೆಯಾಗುತ್ತೆ, ಬೇಲಿಯಾಗುತ್ತೆ, ಹುಲ್ಲಿನ ಮಾಡಿನ ಹುಲ್ಲು ಹಿಡಿದು ನಿಲ್ಲಿಸುವ ಕಡ್ಡಿಯಾಗುತ್ತೆ. ಉಳಿದಿದ್ದು ಸೌದೆ.

ಆಶ್ಚರ್ಯ ಇರೋದು ಮುಂದೆ. ಕಡಿಯದೆ ಬಿಟ್ಟ ಆಶ್ ಮರ ಸಾಮಾನ್ಯವಾಗಿ ಇನ್ನೂರು ಮುನ್ನೂರು ವರ್ಷ ಬದುಕಬಹುದು. ಈ ಕಾಡಿನಲ್ಲಿ ಮತ್ತೆ ಮತ್ತೆ ಕಡಿಸಿಕೊಂಡ ಒಂದು ಆಶ್ ಬುಡಕ್ಕೆ ಸಾವಿರ ವರ್ಷ ದಾಟಿರಬಹುದು ಅಂತ ಅಂದಾಜು. ನಡುವಿನ ಮರವೆಲ್ಲ ಕೊಳೆತು ಹೋಗಿ, ಬುಡ ಉಂಗುರದ ಹಾಗೆ ಹೊರಗೆ ಹೊರಗೆ ಹಬ್ಬಿ, ಈಗ ಐದು ಮೀಟರಿಗೂ ಜಾಸ್ತಿ ಅಗಲ ಇದೆ. ನೋಡಿದರೆ ಐದಾರು ಮರ ಸುತ್ತ ನಿಂತ ಹಾಗೆ. ಎಲ್ಲಾ ಸೇರಿ ಒಂದೇ ಮರ.

ಅಪ್ಪಯ್ಯನಿಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿ ಬರಲೇ ಇಲ್ಲ. ಮಲೆನಾಡಿನ ತೋಟದವರಿಗೆ ಸೊಪ್ಪಿನ ಬೆಟ್ಟ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟದ ಹಕ್ಕು ಇರುತ್ತೆ. ಅಲ್ಲಿನ ಮತ್ತಿ, ಹೊನ್ನೆ, ನಂದಿ, ಕಿಂದಳ ಮರಗಳ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಕುತ್ತಾರೆ. ಬೇಸಿಗೆಯಲ್ಲಿ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಾರೆ. ದನದ ಕಾಲಡಿ ಬಿದ್ದು ಅದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತೆ. ಮರ ಸಾಯದ ಹಾಗೆ, ತುದಿ ಬಿಟ್ಟು, ಸರತಿ ಮೇಲೆ ಕಡಿಯೋದು ಕಲಿತ ಕೈಯ ಕೆಲಸ.

"ನಾವು ಬುಡಕ್ಕೆ ಕಡಿಯಲ್ಲ, ಇವರು ಯಾಕೆ ಬುಡಕ್ಕೆ ಕಡಿಯುತ್ತಾರೆ?" ಅಂತ ಕೇಳಿದೆ. ಅಪ್ಪಯ್ಯನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ನಮ್ಮ ಬೆಟ್ಟದಲ್ಲಿ ದನ ಮೇಯುತ್ತೆ, ಬುಡಕ್ಕೆ ಕಡಿದರೆ ಚಿಗುರು ಉಳಿಯುತ್ತಾ ಅಂತ ನನ್ನನ್ನೇ ಕೇಳಿದ. ಇಂಗ್ಲೆಂಡಿನಲ್ಲೂ ಲೆಕ್ಕ ಅದೇ. ದನ ಕುರಿ ಮೇಯುವ ಕಡೆ ಎರಡು ಮೂರು ಮೀಟರ್ ಎತ್ತರದಲ್ಲಿ ಕಡಿಯುತ್ತಾರೆ, ಅದನ್ನು ಪೊಲಾರ್ಡ್ ಅನ್ನುತ್ತಾರೆ. ದನ ಬರದ ಹಾಗೆ ಕಾದ ಕಾಡಲ್ಲಿ ಮಾತ್ರ ಬುಡಕ್ಕೆ ಕಡಿಯೋದು. ನಾನು ಓದಿ ತಿಳಿದಿದ್ದನ್ನು ಅವನು ಬುಡ ನೋಡಿಯೇ ಹೇಳಿದ.

ಕಾಡಿನ ಅಂಚಿಗೆ ಬಂದಾಗ ಇನ್ನೊಂದು ಸಿಕ್ಕಿತು. ಪಾಚಿ ಹಿಡಿದ ಮಣ್ಣಿನ ದಿಬ್ಬ, ಅದರ ಹೊರಗಡೆ ಉದ್ದಕ್ಕೂ ಕಂದಕ. ದನ ಒಳಗೆ ನುಗ್ಗದಿರಲಿ ಅಂತ ನೂರಾರು ವರ್ಷದ ಹಿಂದೆ ಗುದ್ದಲಿಯಲ್ಲಿ ತೋಡಿದ್ದು. ಅಪ್ಪಯ್ಯ "ಅಗಳ!" ಅಂದ. ನಮ್ಮ ಮನೆಯ ಬೆಟ್ಟದ ಗಡಿಗೂ ಇಂಥದ್ದೇ ಅಗಳ ಇದೆ. ಅದನ್ನು ತೋಡುವಾಗ ಅವನ ಅಪ್ಪನ ಜೊತೆ ಇವನೂ ಮಣ್ಣು ಹೊತ್ತಿದ್ದ.

ಹೋದ ಚಳಿಗಾಲಕ್ಕಿಂತ ಹಿಂದಿನ ಚಳಿಗಾಲ ಕಡಿದ ಪಾಲಿಗೆ ಬಂದೆವು. ಆಕಾಶ ಬಿಚ್ಚಿಕೊಂಡಿತ್ತು, ನೆಲದ ತುಂಬಾ ಬ್ಲೂಬೆಲ್. ಒಂದು ಹೂವನ್ನು ಹತ್ತಿರದಿಂದ ನೋಡಿ: ದಂಟು ಒಂದೇ ಬದಿಗೆ ಬಾಗಿರುತ್ತೆ, ಹೂಗಳೆಲ್ಲ ಆ ಒಂದೇ ಕಡೆ ಜೋತು ಬಿದ್ದಿರುತ್ತವೆ, ಎಸಳಿನ ತುದಿ ಹಿಂದಕ್ಕೆ ಸುರುಳಿ ಸುತ್ತಿರುತ್ತೆ, ಒಳಗಿನ ಪರಾಗ ಕೆನೆ ಬಣ್ಣ. ಜೊತೆಗೆ ತಿಳಿ ಹಳದಿಯ ಆಕ್ಸ್‌ಲಿಪ್. ಅದು ಇಂಗ್ಲೆಂಡಿನ ಈ ಪೂರ್ವ ಭಾಗದ ಹಳೆ ಕಾಡುಗಳಲ್ಲಿ ಬಿಟ್ಟರೆ ಬೇರೆ ಕಡೆ ಸಿಗೋದು ಕಷ್ಟ. ಗಿಡ ಕಡಿದಿದ್ದಕ್ಕೇ ಬೆಳಕು ಬಂತು, ಬೆಳಕು ಬಂದಿದ್ದಕ್ಕೇ ಇಷ್ಟು ಹೂ. ಐದಾರು ವರ್ಷಕ್ಕೆ ಇಲ್ಲಿ ಮತ್ತೆ ನೆರಳಾಗುತ್ತೆ, ಅಷ್ಟರಲ್ಲಿ ಪಕ್ಕದ ಪಾಲಿಗೆ ಬೆಳಕು ಬಂದಿರುತ್ತೆ.

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಈ ಹೊತ್ತಿಗೆ ಬ್ಲೂಬೆಲ್ ನಡುವೆ ಮಕ್ಕಳನ್ನು ಕೂರಿಸಿ ತೆಗೆದ ಫೋಟೋ ನೋಡುತ್ತೇನೆ. ದಯವಿಟ್ಟು ಬೇಡ. ಎಲೆ ಒಮ್ಮೆ ತುಳಿದು ನಜ್ಜುಗುಜ್ಜಾದರೆ ಆ ಗಡ್ಡೆಗೆ ಆಹಾರ ಸಿಗಲ್ಲ, ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ದಾರಿಯ ಮೇಲೆ ನಿಂತು ಫೋಟೋ ತೆಗೆಯಿರಿ, ಅಷ್ಟೇ ಚೆನ್ನಾಗಿ ಬರುತ್ತೆ. ಸ್ಪೀಕರ್ ಕಾರಲ್ಲೇ ಇರಲಿ.

ಈ ಕಾಡು ಸುಲಭವಾಗಿ ಉಳಿದಿದ್ದೂ ಅಲ್ಲ. 1960ರ ದಶಕದಲ್ಲಿ ಇದರ ಒಂದು ಭಾಗವನ್ನು ಬೇರು ಸಮೇತ ಕಿತ್ತು ಹೊಲ ಮಾಡಿದರು. ಉಳಿದಿದ್ದನ್ನು ಕಾಪಾಡಲು ಜನ ಓಡಾಡಿದರು. ಈಗ ಸಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಬೇಲಿ ಹಾಕಿ ಬೀಗ ಜಡಿದು ಕೂತಿಲ್ಲ. ಹಳೆ ಕ್ರಮದಲ್ಲೇ ಕಡಿಯುತ್ತಿದ್ದಾರೆ, ಸೌದೆ ಮಾರುತ್ತಿದ್ದಾರೆ.

ನನಗೆ ಇದು ಬಹಳ ದೊಡ್ಡ ವಿಷಯ. ನಮ್ಮಲ್ಲಿ ಕಾಡಿನ ಮಾತು ಬಂದರೆ ಎರಡೇ ದಾರಿ. ಒಂದೋ ಮುಟ್ಟಲೇಬೇಡಿ, ಇಲ್ಲವೋ ಬುಲ್ಡೋಜರ್. ನಡುವೆ ಮೂರನೆಯದೊಂದಿತ್ತು, ಅದನ್ನು ನಮ್ಮ ಅಜ್ಜಂದಿರು ಮಾಡಿಕೊಂಡು ಬಂದಿದ್ದರು. ಎಲ್ಲ ಬೆಟ್ಟವೂ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಸೊಪ್ಪು ಕಡಿದು ಕಡಿದು ಬೋಳಾದ ಬೆಟ್ಟಗಳನ್ನು ನಾನೇ ನೋಡಿದ್ದೇನೆ. ಆದರೆ ಚೆನ್ನಾಗಿದ್ದ ಬೆಟ್ಟ ಯಾಕೆ ಚೆನ್ನಾಗಿತ್ತು? ಯಾವ ಮರ ಎಷ್ಟು ವರ್ಷಕ್ಕೆ ಕಡಿಯಬೇಕು, ಯಾವ ತಿಂಗಳು, ಎಷ್ಟು ಬಿಡಬೇಕು? ಅದು ಗೊತ್ತಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಮ್ಮ ಮನೆಯಲ್ಲಿ ಕೊಟ್ಟಿಗೆ ಖಾಲಿಯಾಗಿ ಆರು ವರ್ಷ ಆಯಿತು. ದನ ಇಲ್ಲ ಅಂದ ಮೇಲೆ ಸೊಪ್ಪು ಯಾರಿಗೆ ಬೇಕು? ಪಕ್ಕದ ಬೆಟ್ಟ ಅಕೇಶಿಯಾ ಆಯಿತು. ಮಠದವರು 1252ರಲ್ಲೇ ಬರೆದಿಟ್ಟಿದ್ದರು. ನಾವು ಫೋನಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಬಹುದಲ್ಲ? ನಾನು ಅವತ್ತು ಕಾರಿನಲ್ಲೇ ಶುರು ಮಾಡಿದೆ. ಮತ್ತಿ ಮರದ ಬಗ್ಗೆಯೇ ಅಪ್ಪಯ್ಯ ನಲವತ್ತು ನಿಮಿಷ ಮಾತಾಡಿದ್ದಾನೆ.

ವಾಪಸ್ ಬರುವಾಗ ಒಂದು ಆಶ್ ಮರ. ತುದಿಯ ರೆಂಬೆಗಳೆಲ್ಲ ಒಣಗಿ ಬರೀ ಕಡ್ಡಿ. ಶಿಲೀಂಧ್ರದಿಂದ ಬರುವ ರೋಗ ಅದು. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾಯಿತು, ಈಗ ದೇಶದ ತುಂಬಾ ಇದೆ. ಏಳೆಂಟು ನೂರು ವರ್ಷ ಕೊಡಲಿ ತಡೆದುಕೊಂಡ ಮರಗಳು ಇದನ್ನು ತಡೆದುಕೊಳ್ಳುತ್ತಿಲ್ಲ. ಎಲೆಯಿಂದ ಶುರುವಾಗುತ್ತೆ ಅಂತ ಹೇಳಿದೆ. ಅಪ್ಪಯ್ಯ ಕಾಂಡದ ಮೇಲೆ ಕೈ ಇಟ್ಟು ಮೇಲೆ ನೋಡುತ್ತಾ ನಿಂತ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ತೋಟದಲ್ಲೂ ಅವನು ಹೀಗೆ ನಿಲ್ಲೋದನ್ನ ನೋಡಿದ್ದೇನೆ. ನಾನೂ ಸುಮ್ಮನೆ ನಿಂತೆ.

ಅಷ್ಟರಲ್ಲಿ ಪೊದೆಯ ಆಚೆಯಿಂದ ಒಂದು ಕೂಗು. ನಾಯಿ ಬೊಗಳಿದ ಹಾಗೆ, ಆದರೆ ನಾಯಿ ಅಲ್ಲ. ಸ್ವಲ್ಪ ಬಿಟ್ಟು ಇನ್ನೊಂದು.

"ಕಾಡುಕುರಿ!"

ಅಪ್ಪಯ್ಯನ ಮುಖ ನೀವು ನೋಡಬೇಕಿತ್ತು. ಅದು ಮುಂಟ್‌ಜಾಕ್ ಅನ್ನುವ ಸಣ್ಣ ಜಿಂಕೆ. ನಮ್ಮ ಕಾಡುಕುರಿಯ ಹತ್ತಿರದ ಸಂಬಂಧಿ. ಚೀನಾ ಕಡೆಯಿಂದ ತಂದು ಶ್ರೀಮಂತರ ಎಸ್ಟೇಟಿನಲ್ಲಿ ಸಾಕಿದ್ದು, ತಪ್ಪಿಸಿಕೊಂಡು ನೂರು ವರ್ಷದಲ್ಲಿ ಇಂಗ್ಲೆಂಡಿನ ತುಂಬಾ ಹಬ್ಬಿದೆ. ಹೇಝಲ್ ಚಿಗುರು, ಆಕ್ಸ್‌ಲಿಪ್, ಬ್ಲೂಬೆಲ್ ಯಾವುದನ್ನೂ ಬಿಡಲ್ಲ. ಕಡಿದ ಪಾಲಿನ ಸುತ್ತ ಬೇಲಿ ಕಟ್ಟೋದು ಇದಕ್ಕಾಗಿಯೇ. ಇದನ್ನೆಲ್ಲ ಹೇಳಬೇಕು ಅಂತ ಬಾಯಿ ತೆರೆದೆ. ಅಪ್ಪಯ್ಯ ತುಟಿಗೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿ, ಮೂರನೇ ಕೂಗಿಗೆ ಕಿವಿಗೊಟ್ಟು ನಿಂತುಬಿಟ್ಟ.